ಜಗಲಿಯಲ್ಲಿಟ್ಟ ತರಕಾರಿ ಸಸಿ ಯಾಕೆ ಸಾಯುತ್ತಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬೀಜ ಹಾಕಿ ಹತ್ತು ದಿನ ಆಯಿತು, ಏನೂ ಬಂದಿಲ್ಲ. ಬಂದದ್ದೆಲ್ಲ ನೂಲಿನ ಹಾಗೆ ಸಪೂರ ಆಗಿ ಮಲಗಿದೆ. ನಿನ್ನೆ ಸಂಜೆ ಚೆನ್ನಾಗಿ ನಿಂತಿತ್ತು, ಬೆಳಗ್ಗೆ ನೋಡಿದರೆ ಬುಡದಲ್ಲೇ ಕೊಳೆತು ಬಿದ್ದಿದೆ. ಫೆಬ್ರವರಿ ನಡುವೆ ಕುಂಭ ತಿಂಗಳು ಶುರುವಾದರೆ ಸಾಕು, ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನೆಂಟರು, ಸ್ನೇಹಿತರು ನನಗೆ ಕಳಿಸುವ ಫೋಟೋಗಳೆಲ್ಲ ಇಂಥವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡುತ್ತೇನೆ.

ಮೊದಲು ಒಂದು ಮಾತು. ಚಳಿ ದೇಶದವರು ವಸಂತದ ಶುರುವಿನಲ್ಲಿ ಮನೆಯೊಳಗೆ ಬೀಜ ಹಾಕುವುದು ಹೊರಗಿನ ಹಿಮಕ್ಕೆ ಹೆದರಿ. ಕೊನೆಯ ಹಿಮ ಬೀಳುವ ದಿನದಿಂದ ಆರೆಂಟು ವಾರ ಹಿಂದಕ್ಕೆ ಎಣಿಸಿ ಬೀಜ ಹಾಕುತ್ತಾರೆ, ಟ್ರೇಯ ಅಡಿಗೆ ಬಿಸಿ ಮಾಡುವ ಚಾಪೆ ಇಡುತ್ತಾರೆ. ನಮಗೆ ಹಿಮ ಇಲ್ಲ, ಮಳೆ ಇದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರು ನಮ್ಮದು. ಹಾಗಾಗಿ ನಾನು ಪತ್ತನಾಜೆಯಿಂದ ಹಿಂದಕ್ಕೆ ಎಣಿಸುತ್ತೇನೆ. ತುಳುನಾಡಿನವರು ಮಳೆಗಾಲದ ಬಾಗಿಲು ಅಂತ ಎಣಿಸುವ ಪತ್ತನಾಜೆ ಬರುವುದು ಮೇ 24ರ ಹೊತ್ತಿಗೆ. ಅಷ್ಟರೊಳಗೆ ಮೆಣಸು, ಬದನೆ ಗಿಡಗಳು ನೆಲದಲ್ಲಿ ಒಂದು ತಿಂಗಳು ಬೇರು ಬಿಟ್ಟಿರಬೇಕು. ಅಂದರೆ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಕೂಡಲೇ ನೆಡಬೇಕು, ಬೀಜ ಮಾರ್ಚ್ ಮೊದಲ ಎರಡು ವಾರದಲ್ಲಿ ಟ್ರೇಗೆ ಬೀಳಬೇಕು. ಜಗಲಿಯಲ್ಲಿ ಇಡುವುದು ಕೋಳಿ, ಅಳಿಲು, ನವಿಲಿನ ಕಾಟಕ್ಕೆ, ಮತ್ತೆ ಉರಿಬಿಸಿಲಿಗೆ, ನಡುವೆ ಒಮ್ಮೆಲೇ ಬರುವ ಬೇಸಗೆ ಮಳೆಗೆ. ಬಿಸಿ ಚಾಪೆ ನಮಗೆ ಬೇಡವೇ ಬೇಡ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಏನು ತೊಂದರೆ ಅಂತ ಗೊತ್ತಾಗುವವರೆಗೆ ಸಸಿಗೆ ಏನನ್ನೂ ಹೊಯ್ಯಬೇಡಿ. ನೀರೂ ಸೇರಿ. ನಮ್ಮ ಮನೆಗಳಲ್ಲಿ ಸಾಯುವ ಸಸಿಗಳಲ್ಲಿ ಜಾಸ್ತಿ ಸಾಯುವುದು ನೀರು ಹೆಚ್ಚಾಗಿ, ಬೆಳಕು ಕಡಿಮೆಯಾಗಿ. ಸಸಿ ಬಾಡಿದ್ದು ಕಂಡ ಕೂಡಲೇ ಚೆಂಬು ಹಿಡಿದು ಓಡುವುದು ನಮ್ಮ ಅಭ್ಯಾಸ. ಆ ಚೆಂಬನ್ನು ಕೆಳಗಿಟ್ಟು ಮೊದಲು ನೋಡಿ.

ಬೀಜ ಹಾಕಿದ್ದೇನೆ, ಮೊಳಕೆಯೇ ಬರಲಿಲ್ಲ

ಖರ್ಚಿಲ್ಲದ ಮೊದಲ ಪರೀಕ್ಷೆ ದಿನ ಎಣಿಸುವುದು. ಹರಿವೆ ಮೂರರಿಂದ ಐದು ದಿನದಲ್ಲಿ ಬರುತ್ತದೆ. ಮುಳ್ಳುಸೌತೆಯೂ ಹೆಚ್ಚುಕಮ್ಮಿ ಅಷ್ಟೇ. ಟೊಮೆಟೊ ಒಂದು ವಾರ, ಬದನೆ ಏಳರಿಂದ ಹತ್ತು ದಿನ. ಮೆಣಸು ನಿಧಾನ, ಎಂಟರಿಂದ ಹದಿನಾಲ್ಕು ದಿನ ಬೇಕು, ಗಾಂಧಾರಿ ಮೆಣಸಿಗೆ ಅದಕ್ಕಿಂತಲೂ ಜಾಸ್ತಿ ಆಗುವುದುಂಟು. ಹಾಗಲದ ಬೀಜದ ಚಿಪ್ಪು ಗಟ್ಟಿ, ಒಂದು ದಿನ ನೀರಲ್ಲಿ ನೆನೆಸದೆ ಹಾಕಿದ್ದರೆ ಅದೂ ತಡ ಮಾಡುತ್ತದೆ. ಮೆಣಸು ಹಾಕಿ ಆರು ದಿನಕ್ಕೆ ಗಾಬರಿಯಾಗಿ ಮಣ್ಣು ಕೆದಕಿದವರನ್ನು ನಾನು ಬಹಳ ನೋಡಿದ್ದೇನೆ.

ದಿನ ಕಳೆದಿದೆ ಅಂತಾದರೆ ಟ್ರೇಯ ಒಂದು ಮೂಲೆಯಿಂದ ಒಂದೇ ಒಂದು ಬೀಜವನ್ನು ಕಡ್ಡಿಯಲ್ಲಿ ಮೆಲ್ಲಗೆ ಎತ್ತಿ ಅಂಗೈಯಲ್ಲಿಟ್ಟು ನೋಡಿ. ಹಾಕಿದ ಹಾಗೆಯೇ ಗಟ್ಟಿಯಾಗಿ ಒಣಗಿದ್ದರೆ ಅದಕ್ಕೆ ನೀರು ಮುಟ್ಟಲೇ ಇಲ್ಲ. ಮೇಲಿಂದ ಹೊಯ್ದ ನೀರು ಬದಿಯಿಂದ ಇಳಿದು ಹೋಗಿದೆ. ಉಬ್ಬಿ, ಒತ್ತಿದರೆ ಪಿಚಕ್ಕೆಂದು ಬಿಳಿ ರಸ ಬಂದು ಹಳಸಿದ ವಾಸನೆ ಬಂದರೆ ಬೀಜ ಕೊಳೆತಿದೆ. ನೀರು ಹೆಚ್ಚಾಗಿದೆ, ಇಲ್ಲವೇ ಬೀಜ ಹಳೆಯದು. ಬಿಳಿ ಬೇರು ಬಿಟ್ಟು ಮೇಲೆ ಬರಲಾಗದೆ ಒಳಗೇ ಸುತ್ತಿಕೊಂಡಿದ್ದರೆ ಆಳ ಜಾಸ್ತಿಯಾಗಿದೆ. ಬೀಜದ ದಪ್ಪದ ಎರಡು ಮೂರು ಪಾಲು ಮಣ್ಣು ಮುಚ್ಚಿದರೆ ಸಾಕು. ಮೆಣಸು, ಬದನೆಗೆಲ್ಲ ಅರ್ಧ ಸೆಂಟಿಮೀಟರು ಧಾರಾಳ. ಇನ್ನು, ಎಷ್ಟು ಹುಡುಕಿದರೂ ಬೀಜವೇ ಸಿಗದಿದ್ದರೆ? ಇರುವೆ ಹೊತ್ತಿದೆ ಅಥವಾ ಇಲಿ ತಿಂದಿದೆ. ಹರಿವೆ ಬೀಜವನ್ನಂತೂ ಇರುವೆ ಬಿಡುವುದೇ ಇಲ್ಲ. ಟ್ರೇ ಇಟ್ಟ ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ಇಡಿ, ಇರುವೆ ಹತ್ತುವುದಿಲ್ಲ. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ.

ಬೀಜದ ಮೇಲೆಯೇ ಸಂಶಯವಿದ್ದರೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ ಹಾಕಿ ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಆರೇಳು ಮೊಳೆತರೆ ಬೀಜ ಒಳ್ಳೆಯದು, ತಪ್ಪು ಟ್ರೇಯಲ್ಲಿದೆ. ಎರಡು ಮೂರು ಮಾತ್ರ ಮೊಳೆತರೆ ಆ ಬೀಜ ಬಿಡಿ. ಬೆಂಡೆ ಬೀಜ ಎರಡು ವರ್ಷಕ್ಕೇ ಸೋಲುತ್ತದೆ, ಮೆಣಸು ಎರಡು ಮೂರು ವರ್ಷ, ಬದನೆ, ಟೊಮೆಟೊ, ಸೌತೆ ನಾಲ್ಕು ವರ್ಷದವರೆಗೆ ಬರುವುದುಂಟು. ಅದೂ ಒಣಗಿಸಿ ಇಟ್ಟಿದ್ದರೆ. ನಮ್ಮ ಅಜ್ಜಿಯಂದಿರು ಸೌತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಡುತ್ತಿದ್ದರಲ್ಲ, ಅದು ನಮ್ಮ ಮಳೆಗಾಲದ ತೇವಕ್ಕೆ ಅವರು ಕಂಡುಕೊಂಡ ದಾರಿ. ಪ್ಲಾಸ್ಟಿಕ್ ಲಕೋಟೆಯಲ್ಲಿ ಆಷಾಢ ಕಳೆದ ಬೀಜ ಮೊಳೆಯದಿದ್ದರೆ ಆಶ್ಚರ್ಯವಿಲ್ಲ.

ಒಂದು ಎಚ್ಚರಿಕೆ. ಪ್ಯಾಕೆಟಿನ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣದಲ್ಲಿದ್ದರೆ ಅದಕ್ಕೆ ಶಿಲೀಂಧ್ರದ ಮದ್ದು ಹಚ್ಚಿದ್ದಾರೆ ಅಂತ ಅರ್ಥ. ಕೈಯಲ್ಲಿ ಮುಟ್ಟಿದರೆ ಸಾಬೂನು ಹಾಕಿ ತೊಳೆಯಿರಿ, ಉಳಿದದ್ದನ್ನು ಕೋಳಿಗೆ ಹಾಕಬೇಡಿ, ಮಕ್ಕಳ ಕೈಗೆ ಎಣಿಸಲು ಕೊಡಬೇಡಿ.

ಸಸಿ ಸಪೂರ, ಉದ್ದ, ಒಂದೇ ಕಡೆಗೆ ಬಾಗಿದೆ

ಇದು ಬೆಳಕಿನ ಕೊರತೆ. ಗೊಬ್ಬರದ ಕೊರತೆ ಅಲ್ಲ. ನಮ್ಮ ಹಂಚಿನ ಮನೆಗಳ ಮಾಡು ತಗ್ಗು, ಸುತ್ತ ಕಂಗಿನ (ಅಡಿಕೆಯ) ತೋಟ, ಜಗಲಿಯಲ್ಲಿ ಕುಳಿತು ಪೇಪರ್ ಓದಲು ಸಾಕಾಗುವ ಬೆಳಕು ಸಸಿಗೆ ಸಾಲದು. ಕಣ್ಣು ಹೊಂದಿಕೊಳ್ಳುತ್ತದೆ, ಆದ್ದರಿಂದ ಕಣ್ಣನ್ನು ನಂಬಬೇಡಿ. ಮಧ್ಯಾಹ್ನ ಹನ್ನೆರಡಕ್ಕೆ ಟ್ರೇಯಿಂದ ಒಂದು ಅಡಿ ಮೇಲೆ ಅಂಗೈ ಚಾಚಿ ಹಿಡಿಯಿರಿ. ಬೆರಳು ಬೆರಳೂ ಬಿಡಿಸಿ ಕಾಣುವ ನೆರಳು ಬಿದ್ದರೆ ಬೆಳಕು ಸಾಕು. ಮಸುಕಾದ ಕಲೆಯಂತೆ ಬಿದ್ದರೆ ಕಡಿಮೆ. ನೆರಳೇ ಬೀಳದಿದ್ದರೆ ಆ ಜಾಗದಲ್ಲಿ ಮೊಳಕೆ ಬರುವವರೆಗೆ ಮಾತ್ರ ಇಡಬಹುದು, ಒಂದು ದಿನ ಹೆಚ್ಚು ಇಡುವಂತಿಲ್ಲ.

ಟ್ರೇಯನ್ನು ದಿನಾ ತಿರುಗಿಸಿ ಇಡುವುದು ಸಸಿಯನ್ನು ನೆಟ್ಟಗೆ ಮಾಡುತ್ತದೆಯೇ ಹೊರತು ಗಟ್ಟಿ ಮಾಡುವುದಿಲ್ಲ. ಮೊಳಕೆ ಮಣ್ಣಿನಿಂದ ಬಾಗಿಕೊಂಡು ತಲೆ ಎತ್ತುವ ದಿನವೇ ಟ್ರೇಯನ್ನು ಅಂಗಳದ ಅಂಚಿಗೆ, ಬೆಳಗ್ಗಿನ ಬಿಸಿಲು ಎರಡು ಮೂರು ಗಂಟೆ ಬೀಳುವಲ್ಲಿಗೆ ತನ್ನಿ. ಪಶ್ಚಿಮದ ಬಿಸಿಲು ಬೇಡ, ಮಾರ್ಚ್ ಏಪ್ರಿಲಿನಲ್ಲಿ ಅದು ಟ್ರೇಯನ್ನೇ ಬೇಯಿಸುತ್ತದೆ.

ಅಂಥ ಜಾಗವೇ ಇಲ್ಲ ಅನ್ನುವವರು ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬ್ ಹಾಕಬಹುದು. ಡಬ್ಬದ ಮೇಲೆ 6500 ಕೆ ಅಂತ ಬರೆದಿರುವ ಸಾಮಾನ್ಯ 20 ವಾಟಿನ ಟ್ಯೂಬ್ ಸಾಕು, ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. ಆದರೆ ಅದು ಸಸಿಯ ತುದಿಯಿಂದ 10-15 ಸೆಂಟಿಮೀಟರ್ ಮೇಲೆ ಇರಬೇಕು, ದಿನಕ್ಕೆ 14ರಿಂದ 16 ಗಂಟೆ ಉರಿಯಬೇಕು. ಮಾಡಿನಲ್ಲಿರುವ ದೀಪ ಏನೂ ಉಪಯೋಗಕ್ಕೆ ಬರುವುದಿಲ್ಲ. ನೀರು ಹಾಕುವ ಜಾಗದಲ್ಲಿ ಕರೆಂಟು, ಹಾಗಾಗಿ ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದಲ್ಲಿ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಕಟ್ಟಿ, ನೀರು ಹಾಕುವ ಮೊದಲು ಸ್ವಿಚ್ ಆಫ್ ಮಾಡಿ. ಸಿಡಿಲು ಮಳೆಯ ಸಂಜೆ ಪ್ಲಗ್ಗನ್ನೇ ಕಿತ್ತಿಡಿ. ಒಂದು ದಿನ ದೀಪ ಇಲ್ಲದಿದ್ದರೆ ಸಸಿ ಸಾಯುವುದಿಲ್ಲ.

ಈಗಾಗಲೇ ಉದ್ದ ಆದದ್ದನ್ನು ಉಳಿಸಬಹುದಾ? ಟೊಮೆಟೊ ಆದರೆ ಖಂಡಿತ. ಮೊದಲ ಎರಡೆಲೆಯವರೆಗೆ ಹೂತು ಅಡಿಗೆ ತೂತು ಮಾಡಿದ ಬೇರೆ ಲೋಟಕ್ಕೆ ಹಾಕಿದರೆ ಕಾಂಡದಿಂದಲೇ ಬೇರು ಬರುತ್ತದೆ. ಬದನೆ, ಮೆಣಸನ್ನು ಸ್ವಲ್ಪ ಮಾತ್ರ ಹೂಳಿ. ಸೌತೆ, ಹೀರೆ, ಪಡುವಲವನ್ನು ಹೂಳಿದರೆ ಕೊಳೆಯುತ್ತದೆ. ಅದರ ಬದಲು ಹೊಸ ಬೀಜ ಹಾಕಿ, ವಾರದಲ್ಲಿ ಬಂದೇ ಬಿಡುತ್ತದೆ.

ಸಂಜೆ ನಿಂತಿದ್ದ ಸಸಿ ಬೆಳಗ್ಗೆ ಬುಡ ಮುರಿದು ಬಿದ್ದಿದೆ

ಇದನ್ನೇ ನಿಧಾನವಾಗಿ ಓದಿ, ಯಾಕೆಂದರೆ ಒಂದೇ ಥರ ಕಾಣುವ ನಾಲ್ಕು ತೊಂದರೆ ಇದೆ.

ಬಿದ್ದ ಒಂದು ಸಸಿಯನ್ನು ಎತ್ತಿ ಮಣ್ಣಿಗೆ ತಾಗುವ ಜಾಗವನ್ನು ನೋಡಿ. ಕಾಂಡ ಕತ್ತರಿಸಿದ ಹಾಗೆ ಸ್ವಚ್ಛವಾಗಿ ತುಂಡಾಗಿದ್ದರೆ ಅದು ಹುಳ, ಕಾಂಡ ಕತ್ತರಿಸುವ ಬೂದು ಹುಳ ಅಲ್ಲೇ ಮಣ್ಣಿನಲ್ಲಿ ಸುತ್ತಿಕೊಂಡು ಮಲಗಿರುತ್ತದೆ, ಬೆರಳಲ್ಲಿ ಕೆದಕಿದರೆ ಸಿಗುತ್ತದೆ. ಮಣ್ಣು ಒಣಗಿ, ಇಡೀ ಸಸಿ ಜೋತು ಬಿದ್ದಿದ್ದರೂ ಬುಡ ಹಸಿರಾಗಿಯೇ ಇದ್ದರೆ ಬರೀ ಬಾಯಾರಿಕೆ. ನೀರು ಕೊಟ್ಟರೆ ಒಂದು ಗಂಟೆಯಲ್ಲಿ ಏಳುತ್ತದೆ. ಬಿಸಿಲಿಗೆ ತಾಗುವ ಅಂಚಿನ ಸಸಿಗಳದ್ದು ಮಾತ್ರ ಬುಡ ಬಿಳಿಯಾಗಿ ಒಣಗಿದ್ದರೆ ಕಪ್ಪು ಟ್ರೇ ಕಾದು ಸುಟ್ಟಿದೆ. ಬುಡ ಕಂದು ಬಣ್ಣಕ್ಕೆ ತಿರುಗಿ, ನೀರು ನೀರಾಗಿ, ದಾರ ಕಟ್ಟಿ ಬಿಗಿದ ಹಾಗೆ ಸಪೂರವಾಗಿದ್ದು ಮೇಲಿನ ಎಲೆ ಇನ್ನೂ ಹಸಿರಾಗಿದ್ದರೆ ಮಾತ್ರ ಅದು ಸಸಿ ಕೊಳೆ ರೋಗ. ಟ್ರೇಯ ಒಂದು ಮೂಲೆಯಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ ವೃತ್ತದ ಹಾಗೆ ಹರಡುತ್ತಾ ಹೋಗುತ್ತದೆ. ಪಂಚಾಯತಿನ ಕೃಷಿ ಕಚೇರಿಯಾದ ಕೃಷಿಭವನದಲ್ಲಿ ಮಲಯಾಳದಲ್ಲಿ ‘ತೈ ಚೀಯಲ್’ ಅಂತ ಹೇಳಿದರೆ ಕೂಡಲೇ ಅರ್ಥವಾಗುತ್ತದೆ.

ನಮ್ಮ ಕಂಗಿನ ಕೊಳೆರೋಗ ಗೊತ್ತಲ್ಲ, ಅದನ್ನು ತರುವ ಫೈಟಾಫ್ತೊರದ ಬಳಗದ್ದೇ ಇಲ್ಲಿಯೂ ಕೆಲಸ ಮಾಡುವುದು, ಜೊತೆಗೆ ಪಿಥಿಯಂ ಅನ್ನುವ ಅದರ ನೆಂಟ. ಇವುಗಳ ಬೀಜಕಣಗಳು ನೀರಲ್ಲಿ ಈಜುತ್ತವೆ. ಎಡೆಬಿಡದೆ ಮಳೆ ಹಿಡಿದ ಆಷಾಢದಲ್ಲಿ ಅಡಿಕೆ ಉದುರುವುದಕ್ಕೂ ದಿನಾ ಎರಡು ಹೊತ್ತು ನೀರು ಚಿಮುಕಿಸಿದ ಟ್ರೇಯಲ್ಲಿ ಸಸಿ ಬೀಳುವುದಕ್ಕೂ ಕಾರಣ ಒಂದೇ. ಟ್ರೇಯಲ್ಲಿ ನೀವೇ ಆಷಾಢ ಮಾಡಿ ಇಟ್ಟಿದ್ದೀರಿ.

ಯಾಕೆ ಹಾಗಾಗುತ್ತದೆ ಅಂತ ನನಗೆ ಗೊತ್ತಾದದ್ದು ತೆಂಗಿನ ನಾರಿನ ಹುಡಿ ಬಳಸಲು ಶುರು ಮಾಡಿದ ಮೇಲೆ. ಅಂಗಡಿಯಲ್ಲಿ ‘ಚಕಿರಿಚ್ಚೋರ್’ ಅಂತ ಕೇಳಿದರೆ ಇಟ್ಟಿಗೆ ಥರ ಒತ್ತಿದ್ದು ಕೊಡುತ್ತಾರಲ್ಲ, ಅದೇ. ಅದರ ಮೇಲ್ಮೈ ಗಾಳಿಗೆ ಬೇಗ ಒಣಗಿ ತಿಳಿ ಕಂದು ಆಗುತ್ತದೆ, ಒಣಗಿದೆ ಅಂತ ನಾವು ನೀರು ಹಾಕುತ್ತೇವೆ. ಒಂದು ಇಂಚು ಕೆಳಗೆ ಅದು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ ಇರುತ್ತದೆ. ಹಾಗಾಗಿ ಬಣ್ಣ ನೋಡಬೇಡಿ, ತೂಕ ನೋಡಿ. ಒಂದು ಲೋಟಕ್ಕೆ ನೀರು ಕೊಟ್ಟು, ಬಸಿದ ಮೇಲೆ ಕೈಯಲ್ಲಿ ಎತ್ತಿ ಭಾರ ನೆನಪಿಡಿ. ಪಕ್ಕದಲ್ಲಿ ಅದೇ ಹುಡಿ ತುಂಬಿದ ಒಣ ಲೋಟ ಒಂದನ್ನು ಇಟ್ಟುಕೊಳ್ಳಿ. ಎರಡರ ನಡುವೆ ಒಣ ಲೋಟದ ಹತ್ತಿರಕ್ಕೆ ಬಂದಾಗ ಮಾತ್ರ ನೀರು. ನಾಲ್ಕು ದಿನ ಹೀಗೆ ಎತ್ತಿ ನೋಡಿದರೆ ಕೈಗೆ ತಾನಾಗಿ ಗೊತ್ತಾಗುತ್ತದೆ. ಮಣ್ಣು ಕಲಸುವಾಗಲೂ ಹಾಗೆಯೇ, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು.

ರೋಗ ಬಂದಾಗಿದೆ ಅಂತಾದರೆ ಮೊದಲ ಕೆಲಸ ಬಿದ್ದ ಸಸಿಗಳನ್ನು ಸುತ್ತಲಿನ ಎರಡು ಬೆರಳು ಅಗಲದ ಮಣ್ಣಿನ ಜೊತೆ ಚಮಚದಲ್ಲಿ ತೋಡಿ ತೆಗೆಯುವುದು. ತೆಗೆದದ್ದನ್ನು ತೋಟಕ್ಕೆ ಎಸೆಯಬೇಡಿ, ಬಚ್ಚಲಿನ ಒಲೆಗೆ ಹಾಕಿ. ನೀರು ನಿಲ್ಲಿಸಿ. ಟ್ರೇಯನ್ನು ಗಾಳಿ ಆಡುವಲ್ಲಿಗೆ ತನ್ನಿ, ಅಥವಾ ಫ್ಯಾನನ್ನು ದೂರದಿಂದ ಮೆಲ್ಲಗೆ ಬಿಡಿ. ಮೇಲೆ ಮುಚ್ಚಿದ ಪ್ಲಾಸ್ಟಿಕ್ ಇದ್ದರೆ ಈಗಲೇ ತೆಗೆಯಿರಿ. ಎಷ್ಟೋ ಸಲ ಇಷ್ಟರಲ್ಲೇ ನಿಲ್ಲುತ್ತದೆ. ಮುಂದೆ ನೀರನ್ನು ಮೇಲಿಂದ ಕೊಡಬೇಡಿ. ಅಡಿಕೆ ಹಾಳೆಯಲ್ಲಿ ಅಥವಾ ಬೇಸಿನ್‌ನಲ್ಲಿ ಒಂದು ಇಂಚು ನೀರು ಹಾಕಿ ಲೋಟಗಳನ್ನು ಕಾಲು ಗಂಟೆ ಇಟ್ಟು ತೆಗೆದರೆ ಕೆಳಗಿಂದಲೇ ಕುಡಿಯುತ್ತವೆ, ಬುಡ ಒಣಗಿಯೇ ಇರುತ್ತದೆ.

ಅದಕ್ಕೂ ನಿಲ್ಲದಿದ್ದರೆ ಮದ್ದು ಮನೆಯಲ್ಲೇ ಇದೆ, ಕಂಗಿಗೆ ಬಿಡುವ ಬೋರ್ಡೋ ದ್ರಾವಣ. 10 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತಾ ಕದಡಿ. ಮಡಕೆ ಅಥವಾ ಪ್ಲಾಸ್ಟಿಕ್ ಬಕೆಟ್ ಮಾತ್ರ, ಲೋಹದ ಪಾತ್ರೆ ಬೇಡ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹಿಡಿದರೆ ತಾಮ್ರ ಹೆಚ್ಚಿದೆ, ಇನ್ನೂ ಸ್ವಲ್ಪ ಸುಣ್ಣದ ನೀರು ಬೇಕು. ಅದನ್ನು ಅದೇ ದಿನ, ಮಣ್ಣಿಗೆ ಮಾತ್ರ, ಎಲೆಗೆ ತಾಗದ ಹಾಗೆ ಹೊಯ್ಯಿರಿ. ಮಾಡಲು ಪುರುಸೊತ್ತಿಲ್ಲದವರು ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕದಡಿ ಹಾಕಬಹುದು. ಕೈಗವಚ, ಕನ್ನಡಕ ಹಾಕಿಕೊಳ್ಳಿ. ಸುಣ್ಣಕ್ಕೆ ನೀರು ಹಾಕಿದಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕೂಡಲೇ ಧಾರೆ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಡಾಕ್ಟರ ಹತ್ತಿರ ಹೋಗಿ.

ರೋಗ ತಡೆಯುವ ಟ್ರೈಕೋಡರ್ಮ ಶಿಲೀಂಧ್ರ, ಸ್ಯೂಡೊಮೊನಾಸ್ ಬ್ಯಾಕ್ಟೀರಿಯ ಹಾಕುವವರು ಬಹಳ ಇದ್ದಾರೆ. ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಅದು ರೋಗ ಬರುವ ಮೊದಲು ಹಾಕುವಂಥದ್ದು. ಸ್ಯೂಡೊಮೊನಾಸ್ ಹುಡಿಯನ್ನು ಲೀಟರಿಗೆ 20 ಗ್ರಾಂ ಕದಡಿ ಬಿತ್ತುವಾಗಲೇ ಮಣ್ಣಿಗೆ ಕೊಡಿ. ಇವೆರಡೂ ಜೀವ ಇರುವಂಥವು, ತಾಮ್ರ ಇವನ್ನು ಕೊಲ್ಲುತ್ತದೆ. ಇಂದು ಬೋರ್ಡೋ, ನಾಳೆ ಸ್ಯೂಡೊಮೊನಾಸ್ ಹಾಕಿದರೆ ಎರಡೂ ವ್ಯರ್ಥ, ನಡುವೆ ಎರಡು ವಾರವಾದರೂ ಬೇಕು.

ಟ್ರೇಯ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ನಿಲ್ಲಿಸಿ. ಉಳಿದದ್ದನ್ನೂ ಬಿಟ್ಟು, ಟ್ರೇ ತೊಳೆದು ಬಿಸಿಲಿಗಿಟ್ಟು, ಕುದಿಯುವ ನೀರು ಹೊಯ್ದು ತಣಿಸಿದ ಹೊಸ ಮಣ್ಣಿನಲ್ಲಿ ಮತ್ತೆ ಬಿತ್ತಿ. ಮಾರ್ಚ್ ತಿಂಗಳಿನಲ್ಲಿ ಹತ್ತು ದಿನ ತಡ ಆದರೂ ಏನೂ ನಷ್ಟ ಇಲ್ಲ.

ಸಸಿ ಬದುಕಿದೆ, ಆದರೆ ಬೆಳೆಯುತ್ತಿಲ್ಲ, ಎಲೆ ಹಳದಿ

ಮೊದಲು ಬಂದ ಆ ಎರಡು ಬೀಜದೆಲೆ ಮೂರು ನಾಲ್ಕು ವಾರಕ್ಕೆ ಹಳದಿಯಾಗಿ ಉದುರುವುದು ಸಹಜ. ಅದಕ್ಕೆ ಏನೂ ಮಾಡಬೇಡಿ.

ನಿಜವಾದ ಎಲೆಗಳಲ್ಲಿ ಕೆಳಗಿನವು ಮೊದಲು ಹಳದಿ ಆದರೆ ಸಾರಜನಕ ಸಾಲದು. ಬರೀ ನಾರಿನ ಹುಡಿಯಲ್ಲಿ ಬೆಳೆಸಿದವರಿಗೆ ಇದು ಬಂದೇ ಬರುತ್ತದೆ, ಅದರಲ್ಲಿ ಊಟ ಏನೂ ಇಲ್ಲ, ಕೊಳೆಯದ ಹಸಿ ಹುಡಿಯಾದರೆ ಮಣ್ಣಿನಲ್ಲಿದ್ದ ಸಾರಜನಕವನ್ನೂ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಹುಡಿಯನ್ನು ಬಕೆಟಿನಲ್ಲಿ ನೆನೆಸಿದಾಗ ನೀರು ಕಣ್ಣಚಹದ (ಹಾಲು ಹಾಕದ ಚಹದ) ಬಣ್ಣಕ್ಕೆ ಬಂದರೆ ಅದನ್ನು ಚೆಲ್ಲಿ ಇನ್ನೆರಡು ಸಲ ತೊಳೆಯಿರಿ. ಉಪ್ಪು ನೀರಿನಲ್ಲಿ ಕೊಳೆಸಿದ ಸಿಪ್ಪೆಯ ಹುಡಿಯಾದರೆ ಉಪ್ಪೂ ಇರುತ್ತದೆ, ಎಲೆಯ ಅಂಚು ಸುಟ್ಟಂತೆ ಆಗುವುದು, ಲೋಟದ ಬಾಯಲ್ಲಿ ಬಿಳಿ ಪುಡಿ ಕೂರುವುದು ಅದರ ಗುರುತು. ನಾನು ಒಂದು ಪಾಲು ತೊಳೆದ ಹುಡಿ, ಒಂದು ಪಾಲು ಸುಡುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಕಲಸುತ್ತೇನೆ. ಹಸಿ ಸೆಗಣಿ ಹಾಕಬೇಡಿ. ಈಗಾಗಲೇ ಹಳದಿಯಾಗಿದ್ದರೆ ಗೋಮೂತ್ರವನ್ನು ಇಪ್ಪತ್ತು ಪಾಲು ನೀರಿಗೆ ಬೆರೆಸಿ ವಾರಕ್ಕೊಮ್ಮೆ ಮಣ್ಣಿಗೆ ಕೊಡಿ. ಹತ್ತು ದಿನದಲ್ಲಿ ಹೊಸ ಎಲೆ ಹಸಿರಾಗಿ ಬರಬೇಕು, ಹಳದಿಯಾದ ಎಲೆ ಮತ್ತೆ ಹಸಿರಾಗಲಿ ಅಂತ ಕಾಯಬೇಡಿ.

ಮೇಲಿನ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಬೂದಿ ಜಾಸ್ತಿ ಹಾಕಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಒಲೆಬೂದಿ ಒಳ್ಳೆಯದು ಅಂತ ಲೋಟಕ್ಕೆ ಹಿಡಿ ತುಂಬ ಹಾಕಿದರೆ ಕಬ್ಬಿಣಾಂಶ ಸಸಿಗೆ ಸಿಗುವುದಿಲ್ಲ.

ಎಲ್ಲ ಸರಿ ಇದ್ದೂ ಹಳದಿ ಅಂತಾದರೆ ಲೋಟವನ್ನು ತಲೆಕೆಳಗೆ ಮಾಡಿ ಸಸಿಯನ್ನು ಮಣ್ಣಿನ ಸಮೇತ ಜಾರಿಸಿ ಬೇರು ನೋಡಿ. ಬಿಳಿ ಬೇರು ಆರೋಗ್ಯ. ಕಂದು, ಎಳೆದರೆ ಸಿಪ್ಪೆ ಜಾರಿ ಬರುವ ಬೇರು ಅಂದರೆ ನೀರು ನಿಂತು ಕೊಳೆತದ್ದು, ಲೋಟದ ಅಡಿಯ ತೂತು ಕಟ್ಟಿಕೊಂಡಿರಬಹುದು.

ಮಣ್ಣಿನ ಮೇಲೆ ಬಿಳಿ ಬೂಸ್ಟು, ಸಣ್ಣ ಕಪ್ಪು ನೊಣ

ಗಾಬರಿ ಬೇಡ. ಎರಡೂ ಹೇಳುವುದು ಒಂದೇ ಮಾತು, ಮೇಲ್ಮೈ ಒಣಗುತ್ತಿಲ್ಲ. ಬೂಸ್ಟು ಗೊಬ್ಬರವನ್ನು ತಿನ್ನುತ್ತಿದೆ, ಸಸಿಯನ್ನಲ್ಲ. ಕಡ್ಡಿಯಲ್ಲಿ ಮೇಲ್ಮಣ್ಣು ಕೆದಕಿ, ಎರಡು ದಿನ ಒಣಗಲು ಬಿಡಿ, ತೆಳ್ಳಗೆ ಒಣ ಮರಳು ಉದುರಿಸಿ. ನೊಣದ ಮರಿಹುಳ ಎಳೆ ಬೇರು ತಿನ್ನುವುದುಂಟು, ಆದರೆ ಒಣ ಮರಳಿನಲ್ಲಿ ನೊಣ ಮೊಟ್ಟೆ ಇಡುವುದಿಲ್ಲ.

ಎಲೆ ಮುದುಡಿದೆ, ಅಥವಾ ಎಲೆಯೇ ಇಲ್ಲ

ಮೆಣಸಿನ ಎಲೆ ದೋಣಿಯ ಹಾಗೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್. ದೋಣಿ ಮಗುಚಿದ ಹಾಗೆ ಕೆಳಕ್ಕೆ ಮುದುಡಿದರೆ ನುಸಿ. ಬಿಳಿ ಕಾಗದದ ಮೇಲೆ ಸಸಿಯನ್ನು ತಟ್ಟಿ ನೋಡಿ, ಥ್ರಿಪ್ಸ್ ಆದರೆ ಸಣ್ಣ ಗೀಟಿನಂಥ ಹುಳಗಳು ಓಡುವುದು ಕಾಣುತ್ತದೆ. ನುಸಿ ಕಣ್ಣಿಗೆ ಕಾಣುವುದಿಲ್ಲ. ಬೇವಿನೆಣ್ಣೆ ಬೆಳ್ಳುಳ್ಳಿ ಮಿಶ್ರಣ ಸಾಕು. ದೊಡ್ಡ ಗಿಡಕ್ಕೆ ಲೀಟರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಬಾರ್ ಸೋಪು. ಎಳೆ ಸಸಿಗೆ ಇದರ ಅರ್ಧ ಮಾಡಿ, ಸಂಜೆ ಮಾತ್ರ, ಎಲೆಯ ಅಡಿಗೆ. ಎಲೆ ಸಣ್ಣದಾಗಿ, ಹಳದಿ ಹಸಿರು ತೇಪೆ ಬಂದು ಸೊಟ್ಟಗಾಗಿದ್ದರೆ ವೈರಸ್, ಅದಕ್ಕೆ ಮದ್ದಿಲ್ಲ, ಆ ಒಂದು ಸಸಿಯನ್ನು ಕಿತ್ತು ಸುಡಿ.

ಇದಕ್ಕಿಂತ ಬಲವಾದ ಕೀಟನಾಶಕವನ್ನು ಮನೆಯ ಜಗಲಿಯಲ್ಲಿ ಸಿಂಪಡಿಸಬೇಡಿ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಅಂತ ಎಣ್ಮಕಜೆಯ, ಮುಳಿಯಾರಿನ ಮನೆಗಳಿಗೆ ಹೋಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಮೆಣಸಿನ ಸಸಿ ಹೋದರೆ ಹೋಗಲಿ, ಅದೇ ಜಗಲಿಯಲ್ಲಿ ಮಕ್ಕಳು ಆಡುತ್ತಾರೆ.

ಎಲೆ ತಿಂದು ಹೋಗಿ ಹೊಳೆಯುವ ಗೆರೆ ಬಿಟ್ಟಿದ್ದರೆ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪು ನೀರಿಗೆ ಹಾಕಿ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮೆದುಳಿಗೆ ತೊಂದರೆ ಮಾಡುವ ಪರಾವಲಂಬಿ ಹುಳ ಅದರಲ್ಲಿರಬಹುದು. ಮಣ್ಣು ಕೆದಕಿ ಸಸಿಯೇ ಮಾಯ ಆಗಿದ್ದರೆ ಅಳಿಲು ಅಥವಾ ಕೋಳಿ, ಟ್ರೇಗೆ ಹಳೆಯ ಮೀನಿನ ಬಲೆ ಮುಚ್ಚಿ.

ಹೊರಗೆ ಇಟ್ಟ ಮರುದಿನವೇ ಎಲೆ ಬಿಳಿಚಿದೆ

ರೋಗ ಅಲ್ಲ, ಬಿಸಿಲಿಗೆ ಸುಟ್ಟದ್ದು. ನೆರಳಿನಲ್ಲಿ ಬೆಳೆದದ್ದನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಟ್ಟರೆ ಕಾಗದದ ಹಾಗೆ ಬಿಳಿ ತೇಪೆ ಬೀಳುತ್ತದೆ. ಕುಡಿ ಹಸಿರಾಗಿದ್ದರೆ ಬದುಕುತ್ತದೆ, ಒಳಗೆ ತನ್ನಿ. ಮೊದಲ ದಿನ ಬೆಳಗ್ಗೆ ಒಂದು ಗಂಟೆ, ಮರುದಿನ ಎರಡು, ಹೀಗೆ ವಾರ ಹತ್ತು ದಿನ ಅಭ್ಯಾಸ ಮಾಡಿಸಿ. ನೆಡುವುದು ಸಂಜೆ, ಮೂರು ದಿನ ಸೋಗೆಯ ನೆರಳು.

ನೆಟ್ಟು ಚಿಗುರಿದ ಬದನೆ, ಟೊಮೆಟೊ, ಮೆಣಸು ಹಸಿರು ಇರುವಾಗಲೇ ಸೊರಗಿ ಸಾಯುತ್ತಿದೆ

ಇದು ಟ್ರೇಯ ದೋಷ ಅಲ್ಲ, ಆದರೂ ಜನ ಸಸಿಯನ್ನು ದೂರುತ್ತಾರೆ, ಅದಕ್ಕೆ ಇಲ್ಲಿ ಸೇರಿಸಿದ್ದೇನೆ. ಮಧ್ಯಾಹ್ನ ಬಾಡಿ ಸಂಜೆ ಏಳುತ್ತದೆ, ಮರುದಿನವೂ ಹಾಗೆಯೇ, ಮೂರನೆಯ ದಿನ ಏಳುವುದಿಲ್ಲ. ಎಲೆ ಹಳದಿ ಆಗಿರುವುದೇ ಇಲ್ಲ. ಮಣ್ಣಿನಲ್ಲಿ ತೇವ ಇದೆ. ನಮ್ಮ ಹುಳಿ ಜಾಸ್ತಿಯಿರುವ ಮುರಮಣ್ಣಿನಲ್ಲಿ ಇದು ಬಹಳ, ಬ್ಯಾಕ್ಟೀರಿಯದಿಂದ ಬರುವ ಸೊರಗು ರೋಗ, ಮಲಯಾಳದಲ್ಲಿ ‘ವಾಟ್ಟಂ’.

ಖಚಿತ ಮಾಡಿಕೊಳ್ಳಲು ಒಂದು ಗಾಜಿನ ಲೋಟ ಸಾಕು. ಲೋಟದಲ್ಲಿ ತಿಳಿ ನೀರು ತುಂಬಿ ಕಿಟಕಿಯ ಬೆಳಕಿಗೆ ಇಡಿ. ಸಾಯುತ್ತಿರುವ ಗಿಡದ ಬುಡದಿಂದ ಎರಡು ಇಂಚು ತುಂಡು ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಹಿಡಿಯಿರಿ, ಅಲ್ಲಾಡಿಸಬೇಡಿ. ಆ ರೋಗ ಆದರೆ ಕೆಲವು ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ನೂಲಿನ ಹಾಗೆ ಕೆಳಕ್ಕೆ ಇಳಿಯುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಿಳಿ ಎಳೆ ಬರದಿದ್ದರೆ ಬೇರು ಕೊಳೆ, ಗೆದ್ದಲು, ಬೇರುಗಂಟಿನ ಹುಳ ಇದೆಯಾ ಅಂತ ಬೇರು ಬಿಡಿಸಿ ನೋಡಿ.

ಬಿಳಿ ಎಳೆ ಬಂದರೆ ಅಲ್ಲಿಗೆ ನಿಲ್ಲಿಸಿ. ಈ ರೋಗ ಬಂದ ಗಿಡವನ್ನು ಗುಣ ಮಾಡುವ ಮದ್ದಿಲ್ಲ, ಅಂಗಡಿಯಲ್ಲಿ ಏನೇ ಕೊಟ್ಟರೂ ದುಡ್ಡು ದಂಡ. ಗಿಡದ ಫೋಟೋ, ಬೇರು ಸಮೇತ ಕಿತ್ತ ಒಂದು ಗಿಡ, ಒಂದು ಹಿಡಿ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಿಮ್ಮ ಪಂಚಾಯತಿನ ಕೃಷಿಭವನಕ್ಕೆ ಹೋಗಿ. ಕಾಸರಗೋಡಿನ ಕೂಡ್ಲು ಬಳಿ ಸಿಪಿಸಿಆರ್‌ಐಯಲ್ಲಿ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮಣ್ಣಿಗೆ ಎಷ್ಟು ಸುಣ್ಣ ಬೇಕು ಅಂತ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಮುಂದಿನ ಸಲ ರೋಗ ತಡೆಯುವ ತಳಿ ಕೇಳಿ. ಕೇರಳ ಕೃಷಿ ವಿಶ್ವವಿದ್ಯಾಲಯದ್ದು ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ, ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಊರಿನ ಹಳೆಯ ಬದನೆಯೇ ಬೇಕು ಅನ್ನುವವರು ಹಿತ್ತಿಲಿನ ಕುದನೆ (ಸುಂಡೆ) ಗಿಡಕ್ಕೆ ಅದನ್ನು ಕಸಿ ಕಟ್ಟಬಹುದು, ಕುದನೆಯ ಬೇರಿಗೆ ಈ ರೋಗ ಸುಲಭವಾಗಿ ಹತ್ತುವುದಿಲ್ಲ.

ಸತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಸುಡಿ. ಕಿತ್ತ ಹಾರೆ, ಕತ್ತಿ ತೊಳೆದು ಬಿಸಿಲಿಗಿಡಿ. ಆ ಜಾಗದ ನೀರು ಹರಿದು ಪಕ್ಕದ ಸಾಲಿಗೆ ಹೋಗದ ಹಾಗೆ ಸಣ್ಣ ಕಣಿ ತೆಗೆಯಿರಿ. ಆ ಸಾಲಿನಲ್ಲಿ ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಬೇಡ. ಈ ಮಳೆಗಾಲಕ್ಕೆ ಅಲ್ಲಿ ಬೆಂಡೆ ಹಾಕಿ, ಮಳೆ ಬಿಟ್ಟ ಮೇಲೆ ಅಲಸಂಡೆ.